ಅತ್ತ ಮಗುವಿಗೆ ಎಂಥ ಉಸಿರಿನ ತೊಂದರೆ?

ತೋಡಾರಿನ ಅವ್ವಮ್ಮನಿಗೆ ಆಸ್ಪತ್ರೆಯವರ ಮಾತಿನಲ್ಲಿ ನಂಬಿಕೆ ಹುಟ್ಟಲಿಲ್ಲ. ಎರಡು ತಿಂಗಳು ಮೊದಲೇ ಹುಟ್ಟಿದ್ದರೂ ಮೊಮ್ಮಗಳು ಅತ್ತದ್ದನ್ನು ಅವಳು ಬಾಗಿಲ ಹೊರಗೆ ನಿಂತು ಕೇಳಿದ್ದಳು. ಗಂಟೆಯೊಳಗೆ ನರ್ಸ್ ಸುರಕ್ಷಾ ಮಗುವನ್ನು ಗಾಜಿನ ಕೋಣೆಗೆ ಒಯ್ದು ಬಾಗಿಲು ಹಾಕಿಕೊಂಡಿದ್ದಳು.

“ಅತ್ತ ಮಗುವಿಗೆ ಎಂಥ ಉಸಿರಿನ ತೊಂದರೆ? ಏನೋ ಎಡವಟ್ಟು ಮಾಡಿ ಮುಚ್ಚಿಡ್ತಾ ಇದ್ದೀರಿ.”

ಡಾಕ್ಟರ್ ಶಶಿಪ್ರಭಾ ಸಿಟ್ಟಾಗಲಿಲ್ಲ. “ಮೂಗಿಗೆ ಗಾಳಿ ಕೊಟ್ಟು ನೋಡಿದೆವು ಅಮ್ಮ, ಸಾಕಾಗುವುದಿಲ್ಲ. ಗಂಟಲಿಗೆ ಪೈಪ್ ಹಾಕಿ ಶ್ವಾಸಕೋಶಕ್ಕೆ ಮದ್ದು ಬಿಡಬೇಕು.”

ಪೈಪ್ ಎಂದದ್ದೇ ಅವ್ವಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. ಗಂಡ ಅಬ್ದುಲ್ ಶುಕೂರ್ ನ್ಯುಮೋನಿಯಾ ಎಂದು ಮಂಗಳೂರಿನ ಆಸ್ಪತ್ರೆಗೆ ನಡೆದುಕೊಂಡೇ ಹೋದವರು. ಪೈಪ್ ಹಾಕಿದ ಮೇಲೆ ಒಂದು ಮಾತೂ ಆಡಲಿಲ್ಲ. ಹನ್ನೊಂದನೇ ದಿನ ತೀರಿಕೊಂಡರು.

“ನನ್ನ ಗಂಡನಿಗೆ ನ್ಯುಮೋನಿಯಾ ಆದಾಗಲೂ ಉಸಿರಿನ ತೊಂದರೆ ಅಂತಲೇ ಹೇಳಿ ಪೈಪ್ ಹಾಕಿದ್ದು. ಇದೂ ಅದೇ ಅಲ್ವಾ?”

“ಹೆಸರು ಹತ್ತಿರ, ಕಾಯಿಲೆ ಬೇರೆ. ಅವರಿಗೆ ಸೋಂಕಿನಿಂದ ಶ್ವಾಸಕೋಶದಲ್ಲಿ ನೀರು ತುಂಬಿರಬೇಕು. ಈ ಮಗುವಿನ ಶ್ವಾಸಕೋಶ ಇನ್ನೂ ಬಲಿತಿಲ್ಲ. ಒಳಗಿನ ಗಾಳಿಚೀಲಗಳು ಅಂಟಿಕೊಳ್ಳದ ಹಾಗೆ ಒಂದು ಪಸೆ ಇರಬೇಕು, ಅದು ಸಾಕಷ್ಟು ಇಲ್ಲ. ಆ ಪಸೆಯನ್ನೇ ಮದ್ದಾಗಿ ಕೊಡುವುದು.”

ಮಂಗಳೂರಿನಲ್ಲಿಯೂ ಹೀಗೇ ಚಂದ ಮಾಡಿ ಹೇಳಿದ್ದರು. ಅವ್ವಮ್ಮ ನೇರವಾಗಿ ಸೊಸೆ ಸಮೀನಾಳ ಮಂಚದ ಬಳಿ ಹೋದಳು. “ಪೈಪ್ ಹಾಕುವ ಒಪ್ಪಿಗೆ ಕಾಗದಕ್ಕೆ ಸಹಿ ಹಾಕಬೇಡ. ನೌಫಲ್ ದುಬೈಯಿಂದ ಬರಲಿ.”

ಹೊಟ್ಟೆಯ ಹೊಲಿಗೆಯ ನೋವಿನಲ್ಲೂ ಸಮೀನಾ ತಲೆ ಎತ್ತಿದಳು. “ಮಾಮಿ, ಮಗುವನ್ನು ಹತ್ತಿರದಿಂದ ನೋಡಿದ್ರಾ?”

“ಅವರು ಬಿಡುದಿಲ್ಲ.”

“ನೀವು ಕೇಳಿದ್ರಾ?”

ಅವ್ವಮ್ಮ ಕೇಳಿರಲಿಲ್ಲ. ಸಮೀನಾ ಕಾಗದ ಎಳೆದುಕೊಂಡು ಸಹಿ ಹಾಕಿದಳು. ಅತ್ತೆಯ ಮುಖ ಕಪ್ಪಿಟ್ಟಿತು.

ಅವ್ವಮ್ಮ ಹೋಗಿ ಕೇಳಿದಾಗ ಸುರಕ್ಷಾ ತಡೆಯಲಿಲ್ಲ. ಕೈ ತೊಳೆಸಿ, ಗೌನ್ ತೊಡಿಸಿ ಒಳಗೆ ಬಿಟ್ಟಳು. ಮಗುವಿನ ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಗುಂಡಿ ಬೀಳುತ್ತಿತ್ತು. ಗಂಟಲಿನಿಂದ ಹೊರಡುತ್ತಿದ್ದದ್ದು ಅಳುವಲ್ಲ, ನರಳಾಟ. ಆದರೂ ಅವ್ವಮ್ಮ, “ಮದ್ದಿನ ಬಾಟ್ಲಿ ತೋರಿಸಿ,” ಎಂದಳು. ಅದರ ಫೋಟೋ ತೆಗೆದು ಮಗ ನೌಫಲನಿಗೆ ಕಳಿಸಿದಳು. ಹಾಲಿನಂತಹ ಮದ್ದು ಪೈಪಿನಲ್ಲಿ ಇಳಿಯುವಾಗ ಡಾಕ್ಟರ ಬೆರಳುಗಳಿಂದ ಕಣ್ಣು ತೆಗೆಯಲಿಲ್ಲ.

ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಎಂಬತ್ತೆರಡು ಇದ್ದ ಆಕ್ಸಿಜನ್ ತೊಂಬತ್ತು ದಾಟಿತು. ಗುಂಡಿ ಆಳ ಕಳೆದುಕೊಂಡಿತು.

ಮೂರನೇ ದಿನ ಪೈಪ್ ತೆಗೆದರು. “ಇನ್ನು ಮನೆಗೆ ಹೋಗಿ ಸ್ವಲ್ಪ ಮಲಗಿ ಅಮ್ಮ,” ಎಂದರು ಶಶಿಪ್ರಭಾ.

“ಮಗು ಹೊರಡುವಾಗ ಹೊರಡ್ತೇನೆ,” ಎಂದು ಅವ್ವಮ್ಮ ಬೆಂಚಿನಲ್ಲೇ ಕುಳಿತಳು. ಆದರೆ ಆ ಮಧ್ಯಾಹ್ನ, ಮೊದಲ ಸಲ, ಗಾಜಿಗೆ ಬೆನ್ನು ಹಾಕಿ ನಿದ್ದೆ ಹೋದಳು.