ಕೆರೆಯಾಚೆಯ ಕೆಂಪು ಕೊಡೆ

ನಮ್ಮ ಯಜಮಾನರು ಬಯಲಲ್ಲೇ ಕೂತು ಚಿತ್ರ ಬರೆಯುವವರು. ಮರ, ನೀರು, ಬಂಡೆ ಕಣ್ಣೆದುರಿಗೆ ಇಲ್ಲದಿದ್ದರೆ ಕುಂಚ ಏಳುವುದೇ ಇಲ್ಲವಂತೆ. ಕೆರೆಯಾಚೆ ಹೋಗಿ ಕೂತರೆ ಊಟದ ಹೊತ್ತೂ ತಿಳಿಯದು. ನಾನು ಈಚೆಯಿಂದ ಗಂಟಲು ಹರಿದುಕೊಳ್ಳಬೇಕು. ಅಡುಗೆಮನೆ ಕಿಟಕಿಯಿಂದ ನೋಡಿದರೆ ಬಂಡೆ ಯಾವುದು, ಗಂಡ ಯಾರು ಎಂದೇ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಅವರು ಬಿಸಿಲಿಗೆ ನೆಟ್ಟುಕೊಳ್ಳುತ್ತಿದ್ದ ಹರಕು ಕಪ್ಪು ಕೊಡೆಯನ್ನು ಅಟ್ಟಕ್ಕೆ ಹಾಕಿ, ಕಣ್ಣು ಕುಕ್ಕುವಂಥ ಕೆಂಪು ಕೊಡೆಯೊಂದನ್ನು ತಂದುಕೊಟ್ಟೆ.

ಆ ತಿಂಗಳು ಬರೆದ ನಾಲ್ಕು ಚಿತ್ರಗಳೂ ಮನೆಗೆ ತಂದು ನೋಡಿದರೆ ಹಸಿರು ಹಸಿರು. ಬಂಡೆಗೆ ಪಾಚಿ, ಮೋಡಕ್ಕೂ ಪಾಚಿ.

"ಅಲ್ಲಿ ಸರಿಯಾಗೇ ಇತ್ತು ಕಣೇ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಅಂದು ನಕ್ಕೆ.

ಅವರು ನಗಲಿಲ್ಲ. "ನನ್ನ ಕಣ್ಣೇ ಕೈ ಕೊಡ್ತಿದೆ. ನಾಳೆ ಇನ್ನೊಂದು ಸಲ ಕೂರ್ತೀನಿ. ಅದೂ ಹೀಗೇ ಆದ್ರೆ ಬಣ್ಣದ ಪೆಟ್ಟಿಗೆ ಮುಚ್ಚಿಬಿಡ್ತೀನಿ." ಮೂವತ್ತು ವರ್ಷದಲ್ಲಿ ಆ ದನಿ ನಾನು ಕೇಳಿರಲಿಲ್ಲ. ನಿಜವಾಗಿ ಹೆದರಿಕೆಯಾಯಿತು.

ಮರುದಿನ ಬುತ್ತಿ ಹಿಡಿದು ನಾನೇ ಹೋದೆ. ಕೊಡೆಯಡಿ ಕೂತು ಡಬ್ಬಿಗೆ ಸುತ್ತಿದ್ದ ಬಿಳಿ ಬಟ್ಟೆ ಬಿಚ್ಚಿದೆ. ಬಟ್ಟೆ ಕೆಂಪಗಿತ್ತು! ಬಿಸಿಲಿಗೆ ಚಾಚಿದೆ, ಬಿಳಿ. ಒಳಗೆಳೆದುಕೊಂಡೆ, ಕೆಂಪು. ಕ್ಯಾನ್ವಾಸಿನ ಮೇಲೂ ಅದೇ ಕೆಂಪು ಛಾಯೆ. ಪಾಪ, ಅದನ್ನು ಮರೆಸಲು ಇವರು ತಿಂಗಳಿಡೀ ಹಸಿರು ಬಳಿದಿದ್ದರು. ಮನೆಗೆ ಬರುವಾಗ ಆ ಕೆಂಪು ಛಾಯೆ ಕೊಡೆಯಡಿಯೇ ಉಳಿದು, ಹಸಿರು ಮಾತ್ರ ಬರುತ್ತಿತ್ತು.

ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಹೇಳದೆ ಕೊಡೆ ಬದಲಿಸಿಬಿಡಲೇ ಅನ್ನಿಸಿತು. ಅವರ ಬಾಡಿದ ಮುಖ ನೋಡಿ ತಡೆಯಲಾಗಲಿಲ್ಲ.

"ರೀ, ಕೈ ಕೊಟ್ಟಿದ್ದು ನಿಮ್ಮ ಕಣ್ಣಲ್ಲ, ನನ್ನ ಬುದ್ಧಿ," ಎಂದು ಬಟ್ಟೆಯನ್ನು ಒಳಗೂ ಹೊರಗೂ ಆಡಿಸಿ ತೋರಿಸಿದೆ.

ಅವರು ಬಟ್ಟೆ ನೋಡಿದರು, ತಲೆ ಎತ್ತಿ ಕೊಡೆ ನೋಡಿದರು. "ಎಲೆ ಎಲೆಯ ಬಣ್ಣಾನೂ ನೋಡಿದೆ, ತಲೆ ಮೇಲಿರೋದು ನೋಡ್ಲಿಲ್ವಲ್ಲೇ!" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಮಾರನೆಯ ದಿನ ಕಪ್ಪು ಕೊಡೆ ಅಟ್ಟದಿಂದ ಇಳಿಯಿತು. ಮಧ್ಯಾಹ್ನ ಕಿಟಕಿಗೆ ಬಂದರೆ ಆಚೆ ದಡದಲ್ಲಿ ಮತ್ತೆ ಕೆಂಪು ಕೊಡೆ! ನನಗೆ ಪಿತ್ತ ನೆತ್ತಿಗೇರಿತು. ಕೆರೆ ಸುತ್ತಿ ಓಡಿದೆ.

ಇವರು ಕಪ್ಪು ಕೊಡೆಯಡಿಯೇ ಕೂತಿದ್ದರು. ಕ್ಯಾನ್ವಾಸಿನಲ್ಲಿ ಬಂಡೆ ಬಂಡೆಯ ಬಣ್ಣದಲ್ಲೇ ಇತ್ತು. ಹತ್ತು ಹೆಜ್ಜೆ ಆಚೆ ಕೆಂಪು ಕೊಡೆ ನೆಟ್ಟಿತ್ತು, ಅದರಡಿ ಯಾರೂ ಇರಲಿಲ್ಲ.

"ಇದ್ಯಾಕ್ರೀ ಇಲ್ಲಿ?"

"ನಿಂಗೆ ಕಾಣ್ಲಿ ಅಂತ," ಅಂದರು, ತಲೆ ಎತ್ತದೆ.

ಬಯ್ಯಲೆಂದೇ ಓಡಿಬಂದವಳು ಹೋಗಿ ಆ ಖಾಲಿ ಕೊಡೆಯ ಕೆಳಗೆ ಕೂತೆ.