ಕೋಳಿ ತುಂಡಿನ ಒಳಗೆ ಬಿಸಿ ಮುಟ್ಟಿತೇ?

ಭಾನುವಾರ ಮಧ್ಯಾಹ್ನ ಮಾಡಿದ ಕೋಳಿ ಆ ಮಧ್ಯಾಹ್ನವೇ ಮುಗಿದುಹೋಗುವ ಮನೆ ನಮ್ಮ ಬೀದಿಯಲ್ಲಿ ಒಂದೂ ಇಲ್ಲ. ನಾಲ್ಕು ತುಂಡು, ಒಂದಿಷ್ಟು ಗ್ರೇವಿ ಉಳಿದೇ ಉಳಿಯುತ್ತದೆ. ಉಳಿದದ್ದನ್ನು ಏನು ಮಾಡಬೇಕು ಎನ್ನುವುದಕ್ಕೆ ಮಾತ್ರ ಮನೆಗೊಂದು ಶಾಸ್ತ್ರ.

ಇಸ್ತ್ರಿ ಅಂಗಡಿಯವರ ಮನೆಯಲ್ಲಿ ಆ ಶಾಸ್ತ್ರ ಮಾಡಿದವರು ಯಜಮಾನರೇ. ಪಾತ್ರೆ ಒಲೆಯ ಮೇಲೆಯೇ ಇರಬೇಕು. ಮುಚ್ಚಳ ತೆಗೆಯಬಾರದು. ಫ್ರಿಜ್ಜಿಗೆ ಬಿಸಿ ಪಾತ್ರೆ ಇಟ್ಟರೆ ಫ್ರಿಜ್ಜು ಕೆಡುತ್ತದೆ. ಸಂಜೆ ಸಣ್ಣ ಉರಿಯಲ್ಲಿ ಒಂದಿಷ್ಟು ಬೆಚ್ಚಗೆ ಮಾಡಿ, ಮೂಸಿ ನೋಡಿದರೆ ಮುಗಿಯಿತು. "ನಲವತ್ತು ವರ್ಷದಿಂದ ಈ ಮೂಗು ನನಗೆ ಮೋಸ ಮಾಡಿಲ್ಲ" ಎನ್ನುವುದು ಅವರ ಮಾತು.

ಆ ಮನೆಯ ಸೊಸೆಗೆ ಸೋಮವಾರ ಬೆಳಿಗ್ಗೆ ಏಳಕ್ಕೆ ಡ್ರೈವರ್ ಕೆಲಸಕ್ಕಾಗಿ ಬಸ್ ಓಡಿಸಿ ತೋರಿಸುವ ಪರೀಕ್ಷೆ ಇತ್ತು. ಇದು ಎರಡನೆಯ ಸಲ, ಇದೇ ಕೊನೆಯ ಅವಕಾಶ. ಹೋದ ತಿಂಗಳು ಮೊದಲ ಸಲ ಕರೆದಾಗ, ಹಿಂದಿನ ರಾತ್ರಿ ಉಳಿದ ಕೋಳಿ ತಿಂದು ಮಲಗಿದವಳು ಬೆಳಗಿನ ಜಾವದಿಂದಲೇ ಹೊಟ್ಟೆ ಹಿಡಿದುಕೊಂಡು ಒದ್ದಾಡಿದ್ದಳು. ಪರೀಕ್ಷೆಯ ಹೊತ್ತಿಗೆ ಅವಳು ಕೂತಿದ್ದದ್ದು ಬಸ್ಸಿನ ಸೀಟಿನಲ್ಲಲ್ಲ, ಶೌಚಾಲಯದಲ್ಲಿ.

"ಅಷ್ಟು ದೊಡ್ಡ ಬಸ್ಸು ನೋಡಿ ಹೆದರಿಕೆಗೆ ಹೊಟ್ಟೆ ಕೆಟ್ಟಿದೆ, ಪಾಪ" ಎಂದು ಮಾವ ಗಿರಾಕಿಗಳಿಗೆಲ್ಲ ಹೇಳಿದ್ದರು. ಮಡಚಿದ ಬಟ್ಟೆಯ ಜೊತೆಗೆ ಆ ಸುದ್ದಿಯೂ ಮನೆಮನೆಗೆ ಹೋಗಿತ್ತು. ಮೂಲೆ ಅಂಗಡಿಯವನು ಅವಳಿಗೆ 'ಪುಕ್ಕಲು ಡ್ರೈವರ್' ಎಂದೇ ಹೆಸರಿಟ್ಟಿದ್ದ. ಆ ಮಾತು ಸೊಸೆಗೆ ಇನ್ನೂ ಅರಗಿರಲಿಲ್ಲ.

ಈ ಭಾನುವಾರ ಸಂಜೆ ಏಳು ಗಂಟೆಗೆ ಆರೋಗ್ಯ ಕೇಂದ್ರದ ಸಿಸ್ಟರ್ ತಮ್ಮ ಬಿಳಿ ಕೋಟು ತೆಗೆದುಕೊಂಡು ಹೋಗಲು ಬಂದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಹಿಂದೆ ಅಡುಗೆಮನೆ, ನಡುವೆ ಒಂದು ಪರದೆ.

"ಆಯ್ತಾ ಯಜಮಾನ್ರೇ?"

"ಐದು ನಿಮಿಷ ಸಿಸ್ಟರ್. ಕಾಲರ್ ಇನ್ನೂ ಹಸಿ."

ಸಿಸ್ಟರ್ ಮುಟ್ಟಿ ನೋಡಿದರು. "ಸುಡ್ತಿದೆಯಲ್ಲ, ಕೊಟ್ಟುಬಿಡಿ."

"ಮೇಲೆ ಬಿಸಿ ಇದ್ರೆ ಆಗೋಯ್ತಾ? ಕಾಲರ್ ಅಂದ್ರೆ ದಪ್ಪ ಬಟ್ಟೆ, ಮಡಿಕೆ ಮೇಲೆ ಮಡಿಕೆ. ಒಳಗಡೆ ಬಿಸಿ ಮುಟ್ಟೋಕೆ ಹೊತ್ತು ಬೇಕು. ಹಾಗೇ ಮಡಚಿ ಕೊಟ್ರೆ ಬುಧವಾರದ ಹೊತ್ತಿಗೆ ಮುಗ್ಗಲು ವಾಸನೆ. ಆಮೇಲೆ ಬೈಸ್ಕೊಳ್ಳೋನು ನಾನು." ಹಾಗೆಂದು ಪರದೆಯ ಕಡೆ ತಿರುಗಿ ಹೆಂಡತಿಗೆ ಕೂಗಿದರು, "ಲೇ, ಕೋಳಿ ಪಾತ್ರೆ ಸಣ್ಣ ಉರಿಗಿಡೇ."

ಸೊಸೆ ಪರದೆ ಸರಿಸಿ ಇಣುಕಿದಳು. "ನನಗೆ ಕೋಳಿ ಬೇಡ ಮಾವ. ಬ್ರೆಡ್ಡು ತಿಂದು ಮಲಗ್ತೀನಿ. ನಾಳೆ ಪರೀಕ್ಷೆ."

"ನೋಡಿದ್ರಾ ಸಿಸ್ಟರ್, ಈಗಲೇ ಹೆದರಿಕೆ ಶುರುವಾಯ್ತು. ತನ್ನ ಭಯನ ಸತ್ತ ಕೋಳಿ ತಲೆಗೆ ಕಟ್ತಾಳೆ."

"ಹೋದ ತಿಂಗಳು ಆ ಕೋಳಿ ಇನ್ಯಾರು ತಿಂದಿದ್ರು?" ಎಂದು ಸಿಸ್ಟರ್ ಕೇಳಿದರು.

ಯಜಮಾನರಿಗೆ ಇದ್ದಕ್ಕಿದ್ದಂತೆ ಕಾಲರಿನ ಮೇಲೆ ಬಹಳ ಶ್ರದ್ಧೆ ಬಂತು. ತಲೆ ತಗ್ಗಿಸಿ ಇಸ್ತ್ರಿ ಪೆಟ್ಟಿಗೆ ಒತ್ತತೊಡಗಿದರು.

ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಇವ್ರೂ ತಿಂದಿದ್ರು ಸಿಸ್ಟರ್. ಬೆಳಗ್ಗೆಯಿಂದ ಮಧ್ಯಾಹ್ನದೊಳಗೆ ಆರು ಸಲ ಓಡಿದ್ರು. ನನಗೆ ತುಂಡು ಉಳಿಸಿರ್ಲಿಲ್ಲ, ನಾನು ಗಟ್ಟಿಯಾಗಿದ್ದೆ."

"ನೀನು ಎಣಿಸ್ಕೊಂಡು ಕೂತಿದ್ಯಾ?"

"ಟಾಯ್ಲೆಟ್ ಬಾಗಿಲ ಎದುರೇ ಪಾತ್ರೆ ತೊಳೀತಿದ್ದೆ. ಕಣ್ಣು ಮುಚ್ಕೊಂಡು ತೊಳೀಲಾ?"

ಸಿಸ್ಟರ್ ಕೈಕಟ್ಟಿ ನಿಂತರು. "ಹಾಗಾದ್ರೆ ಹೇಳಿ ಯಜಮಾನ್ರೇ, ನೀವು ಯಾವ ಬಸ್ಸು ನೋಡಿ ಹೆದರಿದ್ರಿ?"

ಸೊಸೆ ಪರದೆಯಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಒಂದು ತಿಂಗಳ ನಗು ಒಟ್ಟಿಗೆ ಬಂದಂತಿತ್ತು.

"ಮೂಸಿ ನೋಡೇ ತಿಂದಿದ್ದು" ಎಂದರು ಯಜಮಾನರು, ದನಿ ತುಸು ಇಳಿಸಿ.

"ಕೆಡಿಸೋ ಕ್ರಿಮಿ ವಾಸನೆ ಕೊಟ್ಟು ಹೇಳಿ ಬರಲ್ಲ. ಇವತ್ತಿನದು ಯಾವಾಗ ಒಲೆಯಿಂದ ಇಳಿಸಿದ್ದು?"

"ಒಂದು ಗಂಟೆಗೆ" ಎಂದರು ಅತ್ತೆ.

"ಅಂದ್ರೆ ಆರು ಗಂಟೆ ಹೊರಗಿದೆ. ಎರಡು ಗಂಟೆ ದಾಟಿದ್ರೇ ಕಷ್ಟ. ಸೆಕೆ ಜೋರಿದ್ರೆ ಒಂದೇ ಗಂಟೆ. ಉಗುರುಬೆಚ್ಚಗೆ ಮುಚ್ಚಿಟ್ಟ ಪಾತ್ರೆ ಅಂದ್ರೆ ಕ್ರಿಮಿಗಳಿಗೆ ಹಾಸಿ ಹೊದಿಸಿ ಮಲಗಿಸಿದ ಹಾಗೆ. ಈ ಪಾತ್ರೆ ಚೆಲ್ಲಬೇಕು."

ಯಜಮಾನರು ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟರು. "ಚೆಲ್ಲೋದಾ? ಎರಡು ಕಾಲಿನ ತುಂಡಿದೆ ಸಿಸ್ಟರ್ ಅದರಲ್ಲಿ. ಬೇಕಾದ್ರೆ ಅರ್ಧ ಗಂಟೆ ಕೊತಕೊತ ಕುದಿಸಿಬಿಡೋಣ."

"ಕುದಿಸಿದ್ರೆ ಕ್ರಿಮಿ ಸಾಯಬಹುದು. ಅವು ಬಿಟ್ಟಿರೋ ವಿಷದಲ್ಲಿ ಕೆಲವು ಕುದಿಸಿದ್ರೂ ಹೋಗಲ್ಲ. ಸುಟ್ಟ ಬಟ್ಟೆನ ಇನ್ನೆರಡು ಸಲ ಇಸ್ತ್ರಿ ಮಾಡಿದ್ರೆ ಸರಿಹೋಗುತ್ತಾ?"

ಅತ್ತೆ ಪಾತ್ರೆ ಎತ್ತಿ ಕಸದ ಬುಟ್ಟಿಗೆ ಬಗ್ಗಿಸಿದರು. ಯಜಮಾನರು ಆ ಕಡೆ ನೋಡಲಿಲ್ಲ.

"ಮಗನ ಪಾಲು ಫ್ರಿಜ್ಜಲ್ಲಿದೆ ಸಿಸ್ಟರ್" ಎಂದರು ಅತ್ತೆ. "ಅವನು ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಬರ್ತಾನೆ. ಊಟ ಆದ ತಕ್ಷಣ ಡಬ್ಬಿಗೆ ಹಾಕಿಟ್ಟಿದ್ದೆ. ಇವರ ಕಣ್ಣು ತಪ್ಪಿಸಿ."

ಎಲ್ಲರೂ ಅಡುಗೆಮನೆಗೆ ಬಂದರು. ಅತ್ತೆ ತೆಗೆದು ತೋರಿಸಿದ್ದು ಅಗಲವಾದ, ತಗ್ಗಾದ ಸ್ಟೀಲ್ ಡಬ್ಬಿ. ತೆಳ್ಳಗೆ ಹರಡಿದ್ದರಿಂದ ಬೇಗ ತಣ್ಣಗಾಗಿತ್ತು. ಸಿಸ್ಟರ್ ಡಬ್ಬಿಯೊಳಗೆ ನೋಡಿ, "ಇದು ಒಬ್ಬನ ಪಾಲಾ?" ಎಂದರು.

"ಅತ್ತೆ ಅಳತೆಯಲ್ಲಿ ಮಗನ ಪಾಲು ಅಂದ್ರೆ ಮೂರು ಜನಕ್ಕಾಗುತ್ತೆ" ಎಂದಳು ಸೊಸೆ.

"ಒಳ್ಳೇದೇ ಆಯ್ತು. ಇದನ್ನ ಧೈರ್ಯವಾಗಿ ತಿನ್ನಬಹುದು. ಆದ್ರೆ ಡಬ್ಬಿ ಪೂರ್ತಿ ಬಿಸಿ ಮಾಡಬೇಡಿ. ಈಗ ತಿನ್ನೋಷ್ಟು ಮಾತ್ರ ತೆಗೀರಿ. ಉಳಿದದ್ದು ತಣ್ಣಗೆ ಫ್ರಿಜ್ಜಲ್ಲೇ ಇರಲಿ, ಮಗ ಬಂದ ಮೇಲೆ ಅವನದು ಅವನು ಬಿಸಿ ಮಾಡ್ಕೊಳ್ಳಲಿ. ಬಿಸಿ ಮಾಡೋದು, ಆರಿಸೋದು, ಮತ್ತೆ ಬಿಸಿ ಮಾಡೋದು, ಆ ಆಟ ಬೇಡ."

ಸೊಸೆ ಮೂರು ತುಂಡುಗಳನ್ನು ಬಾಣಲೆಗೆ ಹಾಕಿ, ತಳ ಹಿಡಿಯದಂತೆ ಸ್ವಲ್ಪ ನೀರು ಚಿಮುಕಿಸಿ ಮುಚ್ಚಿದಳು. ಎರಡು ನಿಮಿಷಕ್ಕೆ ಅಂಚಿನಲ್ಲಿ ಗುಳ್ಳೆ ಎದ್ದು ಘಮ ಬಂತು.

"ಆಯ್ತು, ಬಡಿಸಮ್ಮ" ಎಂದರು ಯಜಮಾನರು. ಅವರ ಮೂಗು ಆಗಲೇ ತೀರ್ಪು ಕೊಟ್ಟಿತ್ತು.

"ಎಲ್ಲಕ್ಕಿಂತ ದಪ್ಪ ತುಂಡನ್ನ ಸೀಳಿ ನೋಡಿ" ಎಂದರು ಸಿಸ್ಟರ್.

ಯಜಮಾನರೇ ಚಾಕು ಹಿಡಿದು ಕಾಲಿನ ತುಂಡನ್ನು ಮೂಳೆಯವರೆಗೆ ಸೀಳಿದರು. ಮೇಲೆ ಹಬೆ ಆಡುತ್ತಿತ್ತು. ಮೂಳೆಯ ಹತ್ತಿರ ಹಬೆಯ ಸುಳಿವೇ ಇಲ್ಲ, ಚಾಕುವಿನ ತುದಿ ತಣ್ಣಗೆ ಬಂತು. ಅವರು ತುದಿಯನ್ನು ಬೆರಳಿಗೆ ಮುಟ್ಟಿಸಿಕೊಂಡು ನೋಡಿದರು.

"ಕಾಲರ್ ಒಳಗಡೆ ಹಸಿ ಇದ್ದ ಹಾಗೇ ಇದು" ಎಂದರು ಮೆಲ್ಲಗೆ. "ಬಿಸಿ ಇನ್ನೂ ಮುಟ್ಟಿಲ್ಲ. ಮುಚ್ಚಮ್ಮ, ಇನ್ನೈದು ನಿಮಿಷ ಬೇಕು. ಮಧ್ಯದಲ್ಲಿ ಮಗುಚಿ ಹಾಕು."

"ಇದನ್ನ ನಾನು ಹೇಳಬೇಕು ಅಂತಿದ್ದೆ" ಎಂದರು ಸಿಸ್ಟರ್.

"ನನ್ನ ಕಸುಬು ಸಿಸ್ಟರ್ ಇದು. ನನಗೆ ಹೇಳಿಕೊಡ್ತೀರಾ?"

ಅತ್ತೆ ಕೇಳಿದರು, "ಪಕ್ಕದ ಮನೆಯವ್ರು ಓವನ್ನಲ್ಲಿ ಇಡ್ತಾರಲ್ಲ, ಗುಂಡಿ ಒತ್ತೋ ಪೆಟ್ಟಿಗೆ, ಅದು?"

"ಅದು ಒಂದು ಕಡೆ ಸುಡುತ್ತೆ, ಇನ್ನೊಂದು ಕಡೆ ತಣ್ಣಗೆ ಬಿಡುತ್ತೆ. ಅರ್ಧದಲ್ಲಿ ತೆಗೆದು ಮಗುಚಬೇಕು. ಆದ ಮೇಲೆ ಒಂದೆರಡು ನಿಮಿಷ ಮುಚ್ಚಿಟ್ಟು, ಸೀಳಿ ನೋಡಿಯೇ ತಿನ್ನಬೇಕು."

ಈ ಸಲ ಇನ್ನೊಂದು ದಪ್ಪ ತುಂಡನ್ನು ಸೀಳಿದಾಗ ಮೂಳೆಯ ಬುಡದಿಂದಲೂ ಹಬೆ ಎದ್ದಿತು. ಸೊಸೆ ತುಸು ತಡೆದಳು. ಆಮೇಲೆ ತಟ್ಟೆ ಹತ್ತಿರಕ್ಕೆಳೆದುಕೊಂಡು ತಿಂದಳು. ಮಾವನೂ ತಿಂದರು. ಅತ್ತೆ ಈ ಸಲ ಮೊದಲೇ ತಮ್ಮ ತುಂಡು ಎತ್ತಿಟ್ಟುಕೊಂಡಿದ್ದರು.

ಮರುದಿನ ಹನ್ನೊಂದು ಗಂಟೆಗೆ ಸೊಸೆ ಮನೆಗೆ ಬಂದಾಗ ಅಂಗಡಿಯ ಮುಂದೆ ಮೂಲೆ ಅಂಗಡಿಯವನು ಶರ್ಟು ಹಿಡಿದು ನಿಂತಿದ್ದ. ಮಾವ ಪರೀಕ್ಷೆಯ ಫಲ ಕೇಳಲಿಲ್ಲ.

"ಹೊಟ್ಟೆ ಹೇಗಿತ್ತಮ್ಮ?"

"ಹೊಟ್ಟೆ ಅಂತ ಒಂದಿದೆ ಅನ್ನೋದೇ ನೆನಪಾಗ್ಲಿಲ್ಲ ಮಾವ. ಒಂದನೇ ತಾರೀಕಿಂದ ಡ್ಯೂಟಿಗೆ ಬನ್ನಿ ಅಂದ್ರು."

ಯಜಮಾನರು ಶರ್ಟು ಮಡಚುತ್ತ ಗಿರಾಕಿಯ ಕಡೆ ತಿರುಗಿದರು. "ಕೇಳಿಸ್ಕೊಂಡ್ಯೇನಪ್ಪ? ಹೋದ ತಿಂಗಳು ಇವಳದು ಹೆದರಿಕೆ ಅಲ್ಲ. ನಾನು ಗಂಟೆಗಟ್ಟಲೆ ಹೊರಗೆ ಬಿಟ್ಟು, ಸರಿಯಾಗಿ ಬಿಸಿಯೂ ಮಾಡದ ಕೋಳಿ. ನಾನೂ ಆರು ಸಲ ಓಡಿದ್ದೆ. ನೀನಿಟ್ಟ ಹೆಸರು ವಾಪಸ್ ತಗೋ."

ಆ ವಾರ ಮಡಚಿದ ಬಟ್ಟೆಗಳ ಜೊತೆಗೆ ಈ ಸುದ್ದಿಯೂ ಮನೆಮನೆಗೆ ಹೋಯಿತು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಕೋಳಿ ಉಳಿಯುತ್ತದೆ. ಉಳಿಸಿ, ತಪ್ಪಿಲ್ಲ. ಊಟ ಮುಗಿದ ಮೇಲೆ ಪಾತ್ರೆಯನ್ನು ಒಲೆಯ ಮೇಲೆ ಮರೆಯಬೇಡಿ. ಎರಡು ಗಂಟೆಯೊಳಗೆ ಅಗಲ ಡಬ್ಬಿಗೆ ಹರಡಿ ಫ್ರಿಜ್ಜಿಗಿಡಿ, ಎರಡು ಮೂರು ದಿನದಲ್ಲಿ ತಿಂದು ಮುಗಿಸಿ. ಫ್ರಿಜ್ಜಿಲ್ಲದ ಮನೆಯಲ್ಲಿ ಆ ಹೊತ್ತಿಗೆ ತಿನ್ನುವಷ್ಟೇ ಮಾಡಿ. ತಿನ್ನುವಷ್ಟನ್ನು ಮಾತ್ರ ತೆಗೆದು, ಒಂದೇ ಸಲ, ಚೆನ್ನಾಗಿ ಬಿಸಿ ಮಾಡಿ. ಪುಟ್ಟ ಮಕ್ಕಳು, ಬಸುರಿಯರು, ವಯಸ್ಸಾದವರು ಇರುವ ಮನೆಯಲ್ಲಂತೂ ಇನ್ನಷ್ಟು ಎಚ್ಚರ ಇರಲಿ. ಹೊರಗೆ ಬಹಳ ಹೊತ್ತು ಉಳಿದದ್ದನ್ನು ಹೊಟ್ಟೆಗೆ ಹಾಕುವುದಕ್ಕಿಂತ ಬುಟ್ಟಿಗೆ ಹಾಕುವುದು ವಾಸಿ. ಭೇದಿ ನಿಲ್ಲದಿದ್ದರೆ, ಜ್ವರ ಬಂದರೆ, ರಕ್ತ ಕಂಡರೆ ತಡಮಾಡದೆ ಆರೋಗ್ಯ ಕೇಂದ್ರಕ್ಕೆ ಹೋಗಿ.

ನಿಮ್ಮ ಮನೆಯಲ್ಲೂ ನಾಳೆ ಬೆಳಿಗ್ಗೆ ಯಾರಿಗೋ ಎಲ್ಲಿಗೋ ಹೋಗಲೇಬೇಕಾದ ಕೆಲಸವಿರುತ್ತದೆ. ಅವರ ತಟ್ಟೆಗೆ ಬಡಿಸುವ ಮುಂಚೆ ದಪ್ಪ ತುಂಡನ್ನು ಒಮ್ಮೆ ಸೀಳಿ ನೋಡಿ. ಮೂಳೆಯ ಬುಡದಿಂದ ಹಬೆ ಬಂದರೆ ಬಡಿಸಿ, ಬರದಿದ್ದರೆ ಇನ್ನೈದು ನಿಮಿಷ ಮುಚ್ಚಿಡಿ.