ಉಸಿರು ಬಿಡದ ಸೊಪ್ಪು

ಸೊಸೆ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಸುತ್ತಲಿನ ಕಳೆಯನ್ನು ಬುಡಸಮೇತ ಕಿತ್ತು ಗೋಡೆಯ ಮೂಲೆಗೆ ಎಸೆಯುತ್ತಿದ್ದಳು. ಬಂದವರಿಗೆ ಕುರ್ಚಿ ಹಾಕಲು ಜಾಗ ಬೇಕಿತ್ತು. ಅತ್ತೆಯನ್ನು ಮಣ್ಣಿಗೆ ಕೊಂಡೊಯ್ಯಲು ಇನ್ನೊಂದೇ ಗಂಟೆ.

ಒಳಗೆ ಮೊಮ್ಮಗಳು ಅಜ್ಜಿಯ ಕಪಾಟಿನ ಡಬ್ಬಿಗಳನ್ನು ಒಂದೊಂದಾಗಿ ಮೂಸುತ್ತಿದ್ದಳು.

“ಸಿಕ್ತೇನೇ ಪುಟ್ಟಿ?” ಬಾಗಿಲಲ್ಲಿ ಪಕ್ಕದ ಮನೆಯ ಟೈಲರಮ್ಮ. ಗಂಡ ಹೋದ ಮೇಲೆ ಆರು ವರ್ಷ ಅವಳು ನಿದ್ದೆ ಮಾಡಿದ್ದು, ಅಜ್ಜಿ ಕೊಟ್ಟ ಒಣಸೊಪ್ಪಿನ ಚೀಲ ದಿಂಬಿನಡಿ ಇಟ್ಟುಕೊಂಡೇ.

“ಡಬ್ಬಿ ಖಾಲಿ, ಆಂಟಿ.”

“ವಾರದಿಂದ ಕಣ್ಣಿಗೆ ಕಣ್ಣು ಹತ್ತಿಲ್ಲ ಕಣೇ. ನಿನ್ನೆ ಒಂದು ರವಿಕೆಗೆ ಎರಡೂ ತೋಳು ಒಂದೇ ಕಡೆ ಹೊಲಿದಿದೀನಿ.” ನಗಲು ಹೋಗಿ, ಕೊರಳಿನ ಅಳತೆ ಟೇಪನ್ನು ಬೆರಳಿಗೆ ಸುತ್ತಿಕೊಂಡಳು. “ಗಿಡ ಎಲ್ಲಿದೆ ಅಂತ ನಿಂಗೂ ಹೇಳ್ಲಿಲ್ವಾ?”

ಹೇಳಲು ಅಜ್ಜಿಗೆ ನಾಲಿಗೆ ಹೊರಳಿರಲಿಲ್ಲ. ಹಾಸಿಗೆ ಹಿಡಿದ ಹದಿನೈದು ದಿನವೂ ಹಿತ್ತಲಿನ ಕಿಟಕಿಯನ್ನೇ ನೋಡುತ್ತ ಮಲಗಿದ್ದಳು. ಮೊಮ್ಮಗಳು ಗುಡ್ಡವನ್ನೆಲ್ಲ ಸುತ್ತಿ, ಕಂಡ ಹಸಿರನ್ನೆಲ್ಲ ಹಿಸುಕಿ ಮೂಸಿ ಬಂದಿದ್ದಳು.

*

“ಆ ಸೊಪ್ಪು ನಾಚಿಕೆಯ ಹುಡುಗಿ ಕಣೇ,” ಎಂದಿದ್ದಳು ಅಜ್ಜಿ ಹಿಂದೊಮ್ಮೆ, ಪುಟ್ಟ ಮೊಮ್ಮಗಳ ತಲೆ ತಟ್ಟುತ್ತ. “ಗಾಳಿರಾಯ ಮದುವೆ ಆಗ್ತೀನಿ ಅಂತ ಬೆನ್ನು ಹತ್ತಿದ. ಅವಳು ಹಸಿರು ಹೊದ್ದು ಕಳೆ ಮಧ್ಯೆ ಕೂತ್ಬಿಟ್ಲು. ಉಸಿರು ಬಿಟ್ರೆ ಸಿಕ್ಕಿಬೀಳ್ತೀನಲ್ಲಾ, ಅದಕ್ಕೆ ಬಿಡೋದೇ ಇಲ್ಲ.”

“ಮತ್ತೆ ನಿಂಗೆ ಹೇಗೆ ಸಿಕ್ಳು?”

“ನಂಗಾ? ದಿನಾ ಅವಳ ಪಕ್ಕಾನೇ ಬಟ್ಟೆ ಒಗೀತೀನಿ!”

ಅಜ್ಜಿ ಕಿಸಕ್ಕನೆ ನಕ್ಕಳು. ಮಗು ಇದೂ ಕತೆಯೇ ಅಂದುಕೊಂಡು ಮಗ್ಗುಲಾಯಿತು.

*

ಮಣ್ಣು ಮಾಡಿ ಬಂದಾಗ ಬಿಸಿಲು ಇಳಿದಿತ್ತು. ಹಿತ್ತಲಲ್ಲಿ ಜನ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು.

“ಅವರು ಒಂದು ಮಾತೂ ಜಾಸ್ತಿ ಆಡಿದವರಲ್ಲ,” ಎಂದ ಮುದುಕ ಪೋಸ್ಟಣ್ಣ.

“ನೀವು ಆಡೋಕೆ ಬಿಡ್ತಿದ್ರಾ ಅಣ್ಣ?” ಎಂದು ಯಾರೋ ಕೆಣಕಿದರು.

“ಶ್!” ಸೊಸೆ ಮೂಲೆಯತ್ತ ಕೈ ತೋರಿಸಿದಳು.

ಕಳೆಯ ರಾಶಿಯ ಪಕ್ಕದ ಕುರ್ಚಿಯಲ್ಲಿ ಟೈಲರಮ್ಮ ಬಾಯಿ ತೆರೆದು ನಿದ್ದೆ ಹೋಗಿದ್ದಳು.

ಮೊಮ್ಮಗಳು ಹತ್ತಿರ ಹೋದಳು. ಹೊಸ ಹುಲ್ಲು, ಜೇನು, ಅಜ್ಜಿಯ ದಿಂಬು. ಮಧ್ಯಾಹ್ನದ ಬಿಸಿಲಿಗೆ ಬಾಡಿದ ರಾಶಿ ಘಮಘಮಿಸುತ್ತಿತ್ತು. ಹಸಿಯಿದ್ದಾಗ ಎಷ್ಟು ಹಿಸುಕಿದರೂ ಮೂಗಿಗೆ ಬಾರದಿದ್ದ ವಾಸನೆ.

“ಅಯ್ಯೋ, ನಾನೇ ಕಿತ್ತೆನಲ್ಲೇ!” ಸೊಸೆ ಪಿಸುಗುಟ್ಟಿದಳು.

ರಾಶಿಯ ಅಡಿಯಲ್ಲಿ ಒಂದು ಬುಡ ಮಾತ್ರ ಇನ್ನೂ ಹಸಿಯಾಗಿತ್ತು, ಬೇರಿನಲ್ಲಿ ಹಿಡಿಮಣ್ಣು. ಮೊಮ್ಮಗಳು ಒಗೆಯುವ ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಬಳೆ ಸದ್ದಾಗದಂತೆ ಮೇಲಕ್ಕೇರಿಸಿಕೊಂಡು, ಬೆರಳಲ್ಲೇ ಗುಂಡಿ ತೋಡತೊಡಗಿದಳು.